ಕಿಟಕಿ ಮೇಜಿಗೆ ಬರೆದ ಹವಾಮಾನ

ಕ್ಷಮಿಸುವುದು ದೊಡ್ಡ ಗುಣ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಗುಣ ಇಲ್ಲ. ಇದ್ದಿದ್ದರೆ ನಾನು ಇಂಗ್ಲಿಷ್ ಕಲಿಯುತ್ತಲೇ ಇರಲಿಲ್ಲ. ನನಗೆ ಬರುವ ಇಂಗ್ಲಿಷಿನ ಮುಕ್ಕಾಲು ಪಾಲು ಒಬ್ಬ ಮನುಷ್ಯನ ಮೇಲೆ ಹಲ್ಲು ಮಸೆಯುತ್ತ ಕಲಿತದ್ದು. ಅದೂ ಮಳೆ, ಮೋಡ, ಗಾಳಿ, ಬಿಸಿಲಿನ ಶಬ್ದಗಳೇ ಹೆಚ್ಚು. ಇವತ್ತಿಗೂ ಬ್ಯಾಂಕಿಗೆ ಒಂದು ಅರ್ಜಿ ಬರೆಯಲು ಕೂತರೆ ತಡವರಿಸುತ್ತೇನೆ. ಆದರೆ ಆಕಾಶ ತೋರಿಸಿ ಮಾತಾಡು ಎಂದರೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡುತ್ತೇನೆ.

ನಾಸಿಕದಲ್ಲಿ ರವಿವಾರ ಕಾರಂಜಾದ ಹತ್ತಿರ ನಮ್ಮದೊಂದು ಹೋಟೆಲಿತ್ತು. ಉಡುಪಿ ಕಡೆಯಿಂದ ಬಂದ ಎಲ್ಲರ ಹೋಟೆಲಿನ ಹಾಗೆಯೇ ಇಡ್ಲಿ, ವಡೆ, ದೋಸೆ, ಮಧ್ಯಾಹ್ನ ಊಟ. ಕೆಳಗೆ ಹೋಟೆಲು, ಮೇಲೆ ಮನೆ. ಅಪ್ಪಯ್ಯ ಬೆಳಿಗ್ಗೆ ಐದಕ್ಕೆ ಗಲ್ಲಾದ ಮೇಲೆ ಕೂತರೆ ಏಳುವುದು ಬಾಗಿಲು ಹಾಕುವಾಗ. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಓದಲು ಕಲಿಸಿದ್ದು ಅಮ್ಮ, ಊರಿನಿಂದ ಉಪ್ಪಿನಕಾಯಿ ಭರಣಿಗೆ ಸುತ್ತಿಕೊಂಡು ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ.

ನಮ್ಮ ಹೋಟೆಲಿನ ಬಾಗಿಲಲ್ಲಿ ಒಂದು ಕರಿಹಲಗೆ ಇತ್ತು. ಮೇಲ್ಭಾಗದಲ್ಲಿ ಆ ದಿನದ ವಿಶೇಷ ತಿಂಡಿ, ಮರಾಠಿ ಇಂಗ್ಲಿಷ್ ಎರಡರಲ್ಲೂ; ಅದನ್ನು ಬರೆಯುವವನು ನಾನು. ಕೆಳಗೆ, ಒಂದು ಗೆರೆ ಎಳೆದು, ಇಂಗ್ಲಿಷಿನಲ್ಲಿ ಆ ದಿನದ ಹವಾಮಾನ. ಬೇರೆ ಯಾವ ಹೋಟೆಲಿನಲ್ಲೂ ಈ ಪದ್ಧತಿಯನ್ನು ನಾನು ಕಂಡಿಲ್ಲ. ಅದನ್ನು ಶುರು ಮಾಡಿದವರು ಕಿಟಕಿ ಪಕ್ಕದ ಮೇಜಿನ ಪ್ರೊಫೆಸರರು. ಅವರು ಧಾರವಾಡ ಕಡೆಯವರು. ನಾಸಿಕದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ಅಲ್ಲೇ ನಿವೃತ್ತರಾದವರು. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಬಂದು, ಕೊಡೆಯನ್ನು ಹಲಗೆಯ ಮೊಳೆಗೆ ತೂಗುಹಾಕಿ, ಚಾಕ್‌ಪೀಸು ತೆಗೆದುಕೊಂಡು ಒಂದು ಸಾಲು ಬರೆದು, ಆಮೇಲೆ ಕೂತು ಒಂದು ವಡೆ, ಅರ್ಧ ಕಾಫಿ. ಕೂತಲ್ಲೇ ಒಂದೂವರೆ ಗಂಟೆ.

ನಮ್ಮ ಗಿರಾಕಿಗಳಿಗೆ ಹವಾಮಾನ ಬರೀ ಮಾತಿನ ವಿಷಯ ಆಗಿರಲಿಲ್ಲ. ನಿಫಾಡದ ದ್ರಾಕ್ಷಿ ತೋಟದವರು ಕೋರ್ಟು ಕಚೇರಿ ಕೆಲಸಕ್ಕೆ ಬಂದಾಗ ನಮ್ಮಲ್ಲೇ ಉಣ್ಣುತ್ತಿದ್ದರು. ಬಳ್ಳಿ ಹೂ ಬಿಡುವ ಹೊತ್ತಿಗೆ ಮೋಡ ಕವಿದರೆ ಅವರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಲಾಸಲಗಾಂವಿನ ಈರುಳ್ಳಿ ದಲಾಲರು ಆಕಾಶ ನೋಡಿ ದರ ಹೇಳುವವರು. ಇಗತಪುರಿ ಕಡೆಯ ರೈಲಿನಲ್ಲಿ ಬಂದವರು ನಾಸಿಕದಲ್ಲಿ ಬಿಸಿಲಿದ್ದರೂ ಘಟ್ಟದ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಒಳಗೆ ಬರುತ್ತಿದ್ದರು. ಹಾಗಾಗಿ ಹಲಗೆಯ ಸಾಲನ್ನು ಎಲ್ಲರೂ ನೋಡುವವರೇ. ಓದಲು ಬಾರದವರು ಪ್ರೊಫೆಸರರನ್ನು ಕೇಳುತ್ತಿದ್ದರು, ಅವರು ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದರು. ಅಪ್ಪಯ್ಯನಿಗೆ ಅದು ದೇವರ ಪಟದಷ್ಟೇ ಹೆಮ್ಮೆ. ಪ್ರೊಫೆಸರರು ಹೇಳಿದ್ದು ಅವರಿಗೆ ವೇದವಾಕ್ಯ, ಅಥವಾ ನಾನು ಹಾಗೆಂದುಕೊಂಡಿದ್ದೆ.

ಎಂಬತ್ತಾರರಲ್ಲಿ ನಾನು ಹನ್ನೆರಡನೆಯ ಇಯತ್ತೆ ಪಾಸಾದೆ. ಇಂಗ್ಲಿಷ್ ವಿಷಯ ತೆಗೆದುಕೊಂಡು ಬಿ.ಎ. ಮಾಡಬೇಕೆಂಬ ಆಸೆ ನನಗೆ. ಅದಕ್ಕೆ ಕಾರಣವೂ ಆ ಹಲಗೆಯೇ. ಒಬ್ಬ ಮುದುಕ ಒಂದು ಸಾಲು ಬರೆದು ಇಡೀ ಹೋಟೆಲನ್ನು ತಲೆಯೆತ್ತಿ ಆಕಾಶ ನೋಡುವಂತೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆನಲ್ಲ. ಅಪ್ಪಯ್ಯ ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಪ್ರೊಫೆಸರರು ನಿನ್ನನ್ನು ಪರೀಕ್ಷೆ ಮಾಡಲಿ, ಅವರು ಹೂಂ ಅಂದರೆ ಕಾಲೇಜು, ಇಲ್ಲದಿದ್ದರೆ ದೊಡ್ಡಪ್ಪನ ಹೋಟೆಲಿನ ಗಲ್ಲಾ, ಎಂದರು. ದೊಡ್ಡಪ್ಪನ ಹೋಟೆಲಿದ್ದದ್ದು ಔರಂಗಾಬಾದಿನಲ್ಲಿ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು. ಆಗ ನಮ್ಮ ಬಾಯಲ್ಲಿ ಅದು ಔರಂಗಾಬಾದೇ.

ಪರೀಕ್ಷೆ ನಡೆದದ್ದು ಹೋಟೆಲಿನಲ್ಲೇ, ಜನ ತುಂಬಿದ್ದ ಹೊತ್ತಿನಲ್ಲಿ. ಹೊರಗೆ ಮಳೆ ಹುಯ್ಯುತ್ತಿತ್ತು. ಪ್ರೊಫೆಸರರು ನನ್ನ ಕೈಗೆ ಚಾಕ್‌ಪೀಸು ಕೊಟ್ಟು, ಬೀಳುತ್ತಿರುವ ಮಳೆಯ ಬಗ್ಗೆ ಐದು ವಾಕ್ಯ ಬರೆ, ಮಳೆ ಎನ್ನುವ ಶಬ್ದ ಐದರಲ್ಲಿ ಒಂದೇ ಸಲ ಬರಬೇಕು ಎಂದರು. ಮರಾಠಿ ಶಾಲೆಯ ಹುಡುಗನಿಗೆ ಇಂಗ್ಲಿಷಿನಲ್ಲಿ ಮಳೆ ಎಂದರೆ ರೇನ್. ಜೋರಾದರೆ ಹೆವಿ ರೇನ್. ಇನ್ನೂ ಜೋರಾದರೆ ವೆರಿ ಹೆವಿ ರೇನ್. ಬೆವರುತ್ತ ಐದು ಸಾಲು ಬರೆದೆ. ಅವರು ಎದ್ದು ಬಂದು, ಪ್ರತಿ ರೇನ್ ಕೆಳಗೂ ಗೆರೆ ಎಳೆದು, ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸಿದರು. ಏಳು ಆಯಿತು. ಈರುಳ್ಳಿ ದಲಾಲರು ಅವರೊಡನೆ ಎಣಿಸಲು ಶುರು ಮಾಡಿದ್ದರು. ಕೊನೆಗೆ ಎಲ್ಲರೂ ನಕ್ಕರು.

ಪ್ರೊಫೆಸರರು ಗಲ್ಲಾದ ಕಡೆ ತಿರುಗಿ, "ಇದು ಇವನ ಕೈಲಿ ಆಗೂದಿಲ್ರಿ ರಾಯರ. ಗಲ್ಲಾನ ಛಲೋ ಇವಗ" ಎಂದರು.

ಅಪ್ಪಯ್ಯ ತಲೆಯಾಡಿಸಿದರು. ನನ್ನ ಮುಖ ನೋಡಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸಿನ ಟಿಕೇಟು ಆಗಲೇ ಅವರ ಅಂಗಿಯ ಜೇಬಿನಲ್ಲಿತ್ತು. ಅಮ್ಮ ನನ್ನ ಬಟ್ಟೆ ಟ್ರಂಕಿಗೆ ತುಂಬಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಯೇವಲಾ ದಾಟುವವರೆಗೆ ಆ ಮುದುಕನ ಕನ್ನಡಕ, ಆ ಚಾಕಿನ ಗೆರೆ, ಆ ಎಣಿಕೆ, ಇವನ್ನೇ ನೆನೆಯುತ್ತ ಹಲ್ಲು ಕಡಿದೆ. ವೈಜಾಪುರ ಬರುವ ಹೊತ್ತಿಗೆ ತೀರ್ಮಾನವಾಗಿತ್ತು. ಇಂಗ್ಲಿಷಿನಲ್ಲಿ ಹವಾಮಾನಕ್ಕೆ ಎಷ್ಟು ಶಬ್ದಗಳಿವೆಯೋ ಅಷ್ಟನ್ನೂ ಕಲಿಯಬೇಕು. ಅವನಿಗೆ ಗೊತ್ತಿಲ್ಲದ ಒಂದಾದರೂ ಶಬ್ದ ಕಲಿಯಬೇಕು. ಅದೇ ಹೋಟೆಲಿನಲ್ಲಿ, ಅದೇ ಜನರ ಎದುರು, ಅದೇ ಹಲಗೆಯ ಮೇಲೆ ಬರೆದು ಅರ್ಥ ಕೇಳಬೇಕು. ಅಪ್ಪಯ್ಯ ಅದನ್ನು ನೋಡಬೇಕು, ನೋಡಿ ನನ್ನನ್ನು ಕಾಲೇಜಿಗೆ ಕಳಿಸಬೇಕು.

ದೊಡ್ಡಪ್ಪನ ಹೋಟೆಲು ರೈಲ್ವೆ ಸ್ಟೇಷನ್ನಿನ ಹತ್ತಿರ. ಅಲ್ಲಿಯವರು ವೇರೂಳ ಎನ್ನುವ ಎಲ್ಲೋರಾ, ಅಜಂತಾ ನೋಡಲು ಬಂದ ವಿದೇಶಿಯರು ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ನಮ್ಮಲ್ಲಿ ಇಡ್ಲಿ ತಿನ್ನುತ್ತಿದ್ದರು. ಬೇರೆಯವರಿಗೆ ಅವರು ಗಿರಾಕಿಗಳು, ನನಗೆ ಮೇಷ್ಟರುಗಳು. ನಮ್ಮೂರಿನವರಂತೆಯೇ ಅವರೂ ಮೊದಲು ಮಾತಾಡುವುದು ಹವೆಯ ಬಗ್ಗೆಯೇ ಎಂದು ಒಂದು ವಾರದಲ್ಲಿ ಕಂಡುಕೊಂಡೆ. ಡಿಸೆಂಬರಿನ ಬೆಳಿಗ್ಗೆ ಒಬ್ಬ ಕೈ ಉಜ್ಜಿಕೊಳ್ಳುತ್ತ ಬಂದು ನಿಪ್ಪಿ ಎಂದ. ಮೂಗಿನ ತುದಿಗೆ ಚುರುಕ್ಕೆನ್ನುವ ಚಳಿಗೆ ಆ ಮಾತು ಎಂದು ಕೇಳಿ ತಿಳಿದುಕೊಂಡೆ. ಮೋಡ ಮುಸುಕಿದ ದಿನ ಇನ್ನೊಬ್ಬಳು ಓವರ್‌ಕಾಸ್ಟ್ ಎಂದಳು. ಚಿಲ್ಲರೆ ಕೊಡುತ್ತ, ಮೇಡಂ, ಈ ಗಾಳಿಗೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳುವುದು ನನಗೆ ರೂಢಿಯಾಯಿತು. ಅವರು ನಗುತ್ತ ಹೇಳುತ್ತಿದ್ದರು. ಪಾಪ, ಯಾವ ಕತ್ತಿಗೆ ಸಾಣೆ ಹಿಡಿಯುತ್ತಿದ್ದೇವೆಂದು ಅವರಿಗೇನು ಗೊತ್ತು.

ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿತ್ತು. ಹಿಂದಿನ ದಿನದ ಹಾಳೆ ಹರಿದು, ಅದರ ಬೆನ್ನಿಗೆ ಒಂದು ಶಬ್ದ ಬರೆಯುತ್ತಿದ್ದೆ. ಒಂದು ಕಡೆ ತಿಥಿ, ನಕ್ಷತ್ರ, ರಾಹುಕಾಲ. ಇನ್ನೊಂದು ಕಡೆ ತುಂತುರಿಗೆ ಡ್ರಿಜಲ್, ಬಿರುಗಾಳಿಗೆ ಸ್ಕ್ವಾಲ್, ಪ್ರಳಯದಂಥ ಮಳೆಗೆ ಡೆಲ್ಯೂಜ್. ರದ್ದಿ ಅಂಗಡಿಯಿಂದ ರಟ್ಟು ಕಿತ್ತುಹೋದ ಒಂದು ಡಿಕ್ಷನರಿ ತಂದೆ. ಮಗ್ಗಿ ಎಂದರೂ ಸೆಕೆ, ಸಲ್ಟ್ರಿ ಎಂದರೂ ಸೆಕೆ ಎಂದಿತ್ತು ಅದರಲ್ಲಿ. ಎರಡಕ್ಕೂ ವ್ಯತ್ಯಾಸವೇನೆಂದು ಮೂರು ತಿಂಗಳು ಕಾದೆ. ಕೊನೆಗೆ ಒಬ್ಬ ಮುದುಕ, ಬೆನ್ನಿಗೆ ಅಂಗಿ ಅಂಟಿದರೆ ಮಗ್ಗಿ, ಗಾಳಿ ನಿಂತು ಸಿಡಿಲು ಬರುತ್ತದೇನೋ ಅನ್ನಿಸಿದರೆ ಸಲ್ಟ್ರಿ ಎಂದ. ಅವನಿಗೆ ಒಂದು ಕಾಫಿ ಬಿಟ್ಟಿ ಕೊಟ್ಟು ದೊಡ್ಡಪ್ಪನಿಂದ ಬೈಸಿಕೊಂಡೆ.

ತಮಾಷೆಯೆಂದರೆ ಆ ಊರಿನಲ್ಲಿ ಮಳೆಯೇ ಇರಲಿಲ್ಲ. ನಳದಲ್ಲಿ ನೀರು ಬರುವ ದಿನ ಓಣಿಯವರೆಲ್ಲ ಕೆಲಸ ಬಿಟ್ಟು ಕೊಡ ಹಿಡಿದು ನಿಲ್ಲುತ್ತಿದ್ದರು. ಮೇ ತಿಂಗಳಲ್ಲಿ ಗಲ್ಲಾದ ಹಿತ್ತಾಳೆ ಹಿಡಿ ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಅಲ್ಲಿ ಕೂತು ಮಳೆಗೆ ನಲವತ್ತು ಶಬ್ದ ಕಲಿತೆ. ನೀರಿಲ್ಲದ ಬಾವಿಯಲ್ಲಿ ಈಜು ಕಲಿತ ಹಾಗೆ.

ಎರಡನೆಯ ವರ್ಷದಿಂದ ಕಾರ್ಡು ಬರೆಯತೊಡಗಿದೆ. ವಾರಕ್ಕೊಂದು ಪೋಸ್ಟ್ ಕಾರ್ಡು, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಔರಂಗಾಬಾದಿನ ಹವಾಮಾನ, ಪ್ರತಿ ಕಾರ್ಡಿನಲ್ಲಿ ಹಿಂದಿನದಕ್ಕಿಂತ ಗಟ್ಟಿಯಾದ ಒಂದು ಶಬ್ದ. ಸಹಿ ಇಲ್ಲ. ಅಕ್ಷರ ಗುರುತು ಸಿಗಬಾರದೆಂದು ಎಲ್ಲವೂ ದೊಡ್ಡ ಅಕ್ಷರ. ವಿಳಾಸ: ಕಿಟಕಿ ಮೇಜಿನ ಪ್ರೊಫೆಸರರಿಗೆ, ನಮ್ಮ ಹೋಟೆಲಿನ ಮಾರ್ಫತ್. ಪೋಸ್ಟ್‌ಮನ್ ಅದನ್ನು ತಂದು ಕೊಡುವುದು ಗಲ್ಲಾದ ಮೇಲಿದ್ದ ಅಪ್ಪಯ್ಯನ ಕೈಗೇ. ಪ್ರೊಫೆಸರರು ಎಲ್ಲರೆದುರು ಓದಬೇಕು, ಗೊತ್ತಿಲ್ಲದ ಶಬ್ದಕ್ಕೆ ಮುಗ್ಗರಿಸಬೇಕು, ಯಾರೋ ದೊಡ್ಡ ವಿದ್ವಾಂಸ ತನ್ನನ್ನು ಕೆಣಕುತ್ತಿದ್ದಾನೆಂದು ನಿದ್ದೆ ಕೆಡಿಸಿಕೊಳ್ಳಬೇಕು. ಇದು ನನ್ನ ಲೆಕ್ಕಾಚಾರ.

ಭಾನುವಾರ ಬೆಳಿಗ್ಗೆ ಅಪ್ಪಯ್ಯ ಫೋನ್ ಮಾಡುತ್ತಿದ್ದರು. ನಮ್ಮ ಕಡೆಯವರು ಫೋನೆತ್ತಿದರೆ ಮೊದಲು ಕೇಳುವುದು ಆರೋಗ್ಯವಲ್ಲ, ಮಳೆ. "ಮಾಣಿ, ಅಲ್ಲಿ ಮಳೆ ಹೇಗುಂಟು?" ಎನ್ನುತ್ತಿದ್ದರು. ಮನೆಯಲ್ಲಿದ್ದಾಗ ನಾವಿಬ್ಬರೂ ದಿನಕ್ಕೆ ಹತ್ತು ಮಾತು ಆಡಿದವರಲ್ಲ. ಫೋನಿನಲ್ಲಿ ಮಾತ್ರ ನಾನು ಆ ವಾರ ಕಲಿತದ್ದನ್ನೆಲ್ಲ ಕನ್ನಡದಲ್ಲಿ ಸುರಿಯುತ್ತಿದ್ದೆ. ಬೆಳಿಗ್ಗೆ ಎದ್ದರೆ ದೌಲತಾಬಾದಿನ ಗುಡ್ಡ ಕಾಣದಷ್ಟು ಧೂಳಿನ ಮಬ್ಬು, ಮಧ್ಯಾಹ್ನ ಸೀಸದ ಬಣ್ಣದ ಮೋಡ, ಸಂಜೆ ನಾಲ್ಕು ಹನಿ, ಆಮೇಲೆ ಮಣ್ಣಿನ ಬಿಸಿ ಉಸಿರು. ಅವರು ಹೂಂ, ಹೂಂ ಎನ್ನುತ್ತ ಕೇಳುತ್ತಿದ್ದರು. ಅಂಗಡಿಯ ಗಲಾಟೆಯ ನಡುವೆಯೂ ಫೋನ್ ಇಡುವ ಆತುರ ತೋರಿಸುತ್ತಿರಲಿಲ್ಲ. ನನ್ನ ಜೀವನದಲ್ಲಿ ಅಪ್ಪಯ್ಯ ನನಗೆ ಅತಿ ಹತ್ತಿರವಾಗಿದ್ದದ್ದು ಆ ಐದೈದು ನಿಮಿಷಗಳಲ್ಲಿ.

ಕೊನೆಯಲ್ಲಿ, ಪ್ರೊಫೆಸರರಿಗೆ ಈ ವಾರವೂ ಔರಂಗಾಬಾದಿನಿಂದ ಕಾರ್ಡು ಬಂತು, ಯಾರೋ ಏನೋ, ಎನ್ನುತ್ತಿದ್ದರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಒಮ್ಮೆ ಮಾತ್ರ ಮುಖಭಂಗವಾಯಿತು. ಆಲಿಕಲ್ಲು ಮಳೆಗೆ ನಾನು ಸ್ಲೀಟ್ ಎಂದು ಬರೆದುಬಿಟ್ಟಿದ್ದೆ. ಅದು ಹಿಮ ಕಲಸಿದ ಮಳೆಯಂತೆ. ಪ್ರೊಫೆಸರರು ಹಲಗೆಯ ಮೇಲೆ, ಔರಂಗಾಬಾದಿನಲ್ಲಿ ಹಿಮ ಬೀಳುವ ಶುಭ ಸುದ್ದಿ ಬಂದಿದೆ ಎಂದು ಬರೆದರಂತೆ, ಹೋಟೆಲೆಲ್ಲ ನಕ್ಕಿತಂತೆ. ಅಪ್ಪಯ್ಯ ಇದನ್ನು ಹೇಳುವಾಗ ತಾವೂ ಸ್ವಲ್ಪ ನಕ್ಕರು. ಎರಡನೆಯ ಸಲವೂ ಅದೇ ಜನ, ಅದೇ ಹಲಗೆ. ಮುದುಕನ ಲೆಕ್ಕಕ್ಕೆ ಇನ್ನೊಂದು ಗೆರೆ ಸೇರಿಸಿಕೊಂಡೆ.

ಎಂಬತ್ತೊಂಬತ್ತರ ಜೂನಿನಲ್ಲಿ ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸು ಬಂದಳು. ವೇರೂಳದ ಗುಹೆಗಳ ಚಿತ್ರ ಬರೆಯುವವಳು. ಒಣಗಿದ ಕಲ್ಲನ್ನು ಎಲ್ಲರೂ ಬರೆದಿದ್ದಾರೆ, ನನಗೆ ಒದ್ದೆ ಕಲ್ಲು ಬೇಕು ಎಂದು ಮಳೆಗಾಗಿ ಕಾಯುತ್ತ ಮೂರು ವಾರ ಉಳಿದಳು. ಮಳೆ ಬರಲಿಲ್ಲ. ದಿನಾ ಬೆಳಿಗ್ಗೆ ನಮ್ಮಲ್ಲಿ ಉಪ್ಪಿಟ್ಟು ತಿಂದು, ಬಾಗಿಲಲ್ಲಿ ನಿಂತು ಆಕಾಶ ನೋಡಿ, ನನಗೊಂದು ಶಬ್ದ ಕೊಟ್ಟು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಗಲ್ಲಾದಿಂದ ಎಬ್ಬಿಸಿ ರಸ್ತೆಗೆ ಕರೆದಳು. ದೌಲತಾಬಾದಿನ ಕಡೆ ಒಂದು ಮೋಡದ ಹೊಟ್ಟೆಯಿಂದ ಬೂದು ಎಳೆಗಳು ಜೋತುಬಿದ್ದಿದ್ದವು. ಮಳೆ ಬೀಳುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಎಳೆಗಳು ನೆಲ ಮುಟ್ಟುವ ಮೊದಲೇ ಮುಗಿದುಹೋಗಿದ್ದವು. ಬೀಳುತ್ತ ಬೀಳುತ್ತಲೇ ಆರಿಹೋಗುವ ಮಳೆ ಅದು, ಅದರ ಹೆಸರು ವಿರ್ಗಾ ಎಂದಳು. ನನ್ನ ಡಿಕ್ಷನರಿಯಲ್ಲಿ ಹುಡುಕಿದೆ, ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಆ ಶಬ್ದವನ್ನು ಕಾರ್ಡಿನಲ್ಲಿ ಬರೆಯಲಿಲ್ಲ. ಒಂದು ವರ್ಷ ಬಚ್ಚಿಟ್ಟುಕೊಂಡೆ. ಅದಕ್ಕೂ ಮೊದಲು ಚೌತಿಗೆ ಎರಡು ಸಲ ನಾಸಿಕಕ್ಕೆ ಹೋಗಿದ್ದೆ. ಪ್ರೊಫೆಸರರು ಬರುವ ಹೊತ್ತಿಗೆ ಮೇಲಿನ ಮನೆಯಿಂದ ಇಳಿದಿರಲಿಲ್ಲ. ತೊಂಬತ್ತರ ಜುಲೈಯಲ್ಲಿ ನಾಸಿಕದಲ್ಲಿ ಜಡಿಮಳೆ ಹಿಡಿದಿದೆ, ಗೋದಾವರಿಯ ನೀರು ದುತೊಂಡ್ಯಾ ಮಾರುತಿಯ ಸೊಂಟದವರೆಗೆ ಬಂದಿದೆ ಎಂದು ಅಪ್ಪಯ್ಯ ಫೋನಿನಲ್ಲಿ ಹೇಳಿದರು. ಘಾಟಿನಲ್ಲಿರುವ ಆ ಮಾರುತಿಯ ಮೈಮೇಲೆಯೇ ನಾಸಿಕದವರು ಹೊಳೆಯ ನೀರನ್ನು ಅಳೆಯುವುದು. ದೊಡ್ಡಪ್ಪನ ಹತ್ತಿರ ನಾಲ್ಕು ದಿನದ ರಜೆ ಕೇಳಿ ಹೊರಟೆ.

ನಾನು ಹೋಟೆಲಿಗೆ ಬಂದಾಗ ಹತ್ತೂವರೆ. ಮಳೆಗೆ ಹೆದರಿ ಒಳಸೇರಿದವರಿಂದ ಒಂದು ಮೇಜೂ ಖಾಲಿ ಇರಲಿಲ್ಲ. ಅಪ್ಪಯ್ಯ ಗಲ್ಲಾದ ಮೇಲೆ. ಪ್ರೊಫೆಸರರು ಕಿಟಕಿ ಪಕ್ಕ, ಸ್ವಲ್ಪ ಸೊರಗಿದ್ದರು. ಕೈಲಿದ್ದ ಚೀಲವನ್ನು ನೆಲಕ್ಕಿಟ್ಟು, ಹಲಗೆಯ ಕೆಳಭಾಗವನ್ನು ತೋಳಿನಿಂದ ಒರೆಸಿದೆ. ಐದು ವಾಕ್ಯ ಬರೆದೆ. ಮುಂಜಾವಿನ ತುಂತುರು, ಹತ್ತು ಗಂಟೆಗೆ ಧೋ ಎಂದು ಸುರಿದದ್ದು, ನಡುವೆ ಒಂದು ಗಳಿಗೆಯ ಬಿಡುವು, ಸೀಸದಂಥ ಆಕಾಶ, ಎಲ್ಲಕ್ಕೂ ತಕ್ಕ ಶಬ್ದ. ರೇನ್ ಒಂದೇ ಸಲ. ಐದನೆಯದರಲ್ಲಿ, ಈ ಪುಣ್ಯವಂತ ಊರಿಗೆ ವಿರ್ಗಾ ಎಂದರೇನೆಂದು ಗೊತ್ತಿಲ್ಲ ಎಂದು ಬರೆದೆ. ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ಬರೆದು ಅಳಿಸಿದ್ದ ಸಾಲುಗಳು. ಚಾಕ್‌ಪೀಸು ಒಮ್ಮೆಯೂ ಮುರಿಯಲಿಲ್ಲ.

"ಸರ್, ಕೊನೆಯ ಸಾಲಿನ ಆ ಶಬ್ದದ ಅರ್ಥ ಎಲ್ಲರಿಗೂ ಹೇಳಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಎದ್ದು ಬಂದರು. ಐದೂ ಸಾಲನ್ನು ನಿಧಾನ ಓದಿದರು. ಒಂದೊಂದು ಸಾಲಿಗೂ ತಲೆದೂಗಿದರು. ಐದನೆಯದರಲ್ಲಿ ನಿಂತರು. ಗೊತ್ತಿಲ್ಲಪಾ ಎಂದರು, ಮೆಲ್ಲಗೆ. ಜೋರಾಗಿ ಹೇಳಿ, ಹಿಂದಿನವರಿಗೆ ಕೇಳಲಿಲ್ಲ ಎಂದೆ. ಅವರು ಜೋರಾಗಿ, ಮರಾಠಿಯಲ್ಲಿ, ನನಗೆ ಗೊತ್ತಿಲ್ಲ ಎಂದರು. ಯಾರೋ ಕಿಸಕ್ಕೆಂದರು. ಆ ನಗುವಿಗಾಗಿಯೇ ನಾನು ನಾಲ್ಕು ವರ್ಷ ಬದುಕಿದ್ದೆ. ಸುಳ್ಳು ಯಾಕೆ ಹೇಳಲಿ, ನನ್ನ ಮೈಯೆಲ್ಲ ಹಗುರವಾಯಿತು.

"ತನಗೇ ಗೊತ್ತಿಲ್ಲದವರು ಬೇರೆಯವರ ಕಾಲೇಜು ತಪ್ಪಿಸಬಾರದು ಸರ್" ಎಂದೆ.

ಅವರು ಗಲ್ಲಾದ ಕಡೆ ನೋಡಿದರು. ಅಪ್ಪಯ್ಯ ತಲೆ ಬಗ್ಗಿಸಿ ಬೀಡಾದ ಡಬ್ಬಿಯನ್ನು ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು. ಪ್ರೊಫೆಸರರು ಅರ್ಧ ಕಾಫಿಯನ್ನು ಅಲ್ಲೇ ಬಿಟ್ಟು ಮಳೆಯಲ್ಲಿ ಇಳಿದು ಹೋದರು. ಕೊಡೆ ಮೊಳೆಯಲ್ಲೇ ಉಳಿಯಿತು. ಅದನ್ನು ಎತ್ತಿಕೊಂಡು ಹಿಂದೆ ಓಡಿದೆ. ಕರುಣೆಯಿಂದ ಅಲ್ಲ. ಹೇಳುವುದು ಇನ್ನೂ ಬಹಳ ಬಾಕಿ ಇತ್ತು, ಬೆನ್ನಟ್ಟಿ ಹೇಳಬೇಕಿತ್ತು.

ಭಾಂಡಿ ಬಾಜಾರಿನಲ್ಲಿ, ಬಾಗಿಲು ಹಾಕಿದ್ದ ಒಂದು ಪಾತ್ರೆ ಅಂಗಡಿಯ ಮಾಡಿನ ಕೆಳಗೆ ಸಿಕ್ಕರು. ತಲೆಯಿಂದ ನೀರಿಳಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ, ಆ ಶಬ್ದದ ಅರ್ಥ ಏನು, ಮೊದಲು ಅದನ್ನು ಹೇಳು ಎಂದರು. ಹೇಳಿದೆ. ಮೋಡದಿಂದ ಬಿದ್ದರೂ ನೆಲ ಮುಟ್ಟದ ಮಳೆ. ಅವರು ಆ ಶಬ್ದವನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಆಮೇಲೆ, ನಿನ್ನ ಮೊದಲನೆಯ ಕಾರ್ಡು ಬಂದಾಗಲೇ ಅದು ನಿನ್ನದೆಂದು ಗೊತ್ತಾಯಿತು, ನನಗಿಂತ ಮೊದಲು ನಿಮ್ಮಪ್ಪನಿಗೆ ಗೊತ್ತಾಯಿತು ಎಂದರು. ದೊಡ್ಡ ಅಕ್ಷರ ಬರೆದರೇನು, ಹತ್ತು ವರ್ಷ ಹಲಗೆಯ ಮೇಲೆ ತಿಂಡಿಯ ಹೆಸರು ಬರೆದವನ ಕೈಯನ್ನು ಅಪ್ಪಯ್ಯ ನೋಡಿದ ಕೂಡಲೇ ಹಿಡಿದಿದ್ದರಂತೆ.

ಅವರೇ ಮುಂದುವರಿಸಿದರು.

"ಆ ಪರೀಕ್ಷಾ ನಿಮ್ಮಪ್ಪನ ಇಡಸಿದ್ದಪಾ. ಅಣ್ಣಗ ಗಲ್ಲಾದ ಮ್ಯಾಲೆ ಮನೀ ಹುಡುಗ ಬೇಕಾಗ್ಯಾನ, ನಾ ಇಲ್ಲಾ ಅನ್ನಲಾರೆ, ಮಗಗ ಬ್ಯಾಡ ಅಂತ ಹೇಳಾಕೂ ನನಗ ಬಾಯಿಲ್ಲ, ನೀವ ಆಗೂದಿಲ್ಲ ಅಂದುಬಿಡ್ರಿ ಅಂದ್ರು. ನನ್ನ ಬಿ.ಎ. ಹುಡುಗರಿಗೂ ಬರಲಾರದ ಪ್ರಶ್ನೆ ಅದು. ನಾ ಅಂದುಬಿಟ್ಟೆ. ನಂದೂ ತಪ್ಪು ಅದ."

ಆಮೇಲೆ ಹೇಳಿದ್ದು ಇನ್ನೂ ಕೆಟ್ಟದ್ದು. ಪ್ರತಿ ವಾರ ನನ್ನ ಕಾರ್ಡನ್ನು ಅವರು ಜೋರಾಗಿ ಓದುತ್ತಿದ್ದದ್ದು, ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದದ್ದು ಗಿರಾಕಿಗಳಿಗಾಗಿ ಅಲ್ಲ, ಗಲ್ಲಾದ ಮೇಲಿದ್ದವರಿಗಾಗಿ. ಹುಡುಗನನ್ನು ಕರೆಸಿ ಕಾಲೇಜಿಗೆ ಹಾಕಿ ಎಂದು ಎರಡು ಸಲ ಬಾಯಿಬಿಟ್ಟು ಹೇಳಿದ್ದರಂತೆ. ಅಪ್ಪಯ್ಯ ಎರಡು ಸಲವೂ, ಅಣ್ಣನ ಹೋಟೆಲು ಯಾರು ನೋಡಿಕೊಳ್ಳುತ್ತಾರೆ ಎಂದಿದ್ದರಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗಿತ್ತು ನನ್ನ ಕೆಲಸ. ಪರೀಕ್ಷೆಯ ದಿನವೇ ಜೇಬಿನಲ್ಲಿದ್ದ ಆ ಬಸ್ಸಿನ ಟಿಕೇಟು ನೆನಪಾಯಿತು. ಫಲಿತಾಂಶಕ್ಕೆ ಮೊದಲೇ ತೆಗೆದ ಟಿಕೇಟು. ಭಾನುವಾರಗಳ ಫೋನು ನೆನಪಾಯಿತು. ಯಾರೋ ಏನೋ ಎನ್ನುತ್ತಿದ್ದ ಆ ಧ್ವನಿ. ದೊಡ್ಡಪ್ಪ ಅಪ್ಪಯ್ಯನನ್ನು ಊರಿನಿಂದ ಕರೆತಂದು ಕೆಲಸ ಕಲಿಸಿದವರು, ಅವರಿಗೆ ಮಕ್ಕಳಿಲ್ಲ, ಇದೆಲ್ಲ ನನಗೂ ಗೊತ್ತಿತ್ತು. ನನ್ನನ್ನು ಎದುರು ಕೂರಿಸಿ, ಮಾಣಿ, ಹೀಗಾಗಿದೆ, ನೀನು ಹೋಗಬೇಕು ಎಂದಿದ್ದರೆ ಅಳುತ್ತಳುತ್ತ ಹೋಗುತ್ತಿದ್ದೆ. ಅದರ ಬದಲು ತುಂಬಿದ ಹೋಟೆಲಿನಲ್ಲಿ ನನ್ನನ್ನು ದಡ್ಡನೆಂದು ಎಣಿಸಲು ಬಿಟ್ಟು ಸುಮ್ಮನೆ ಕೂತಿದ್ದರು. ಪ್ರೊಫೆಸರರ ಕೈಗೆ ಕೊಡೆ ಕೊಟ್ಟೆ.

ತೊಯ್ದುಕೊಂಡು ಹೋಟೆಲಿಗೆ ಮರಳಿದೆ. ನನ್ನ ಮುಖ ನೋಡಿದ ಕೂಡಲೇ ಅಪ್ಪಯ್ಯನಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ. ಒಣಬಟ್ಟೆ ಕೊಡಲು ಅಡುಗೆಯವನಿಗೆ ಹೇಳಿದರು. ಆಮೇಲೆ ಅದೇ ಹಳೆಯ ಪ್ರಶ್ನೆ ಕೇಳಿದರು. ಔರಂಗಾಬಾದಿನಲ್ಲಿ ಮಳೆ ಹೇಗುಂಟು?

"ಉಂಟು" ಎಂದೆ.

ಅವರು ಕಾದರು. ನಾಲ್ಕು ವರ್ಷ ಪ್ರತಿ ಭಾನುವಾರ ಕೇಳಿದ್ದರಲ್ಲ, ಇನ್ನೂ ಬರುತ್ತದೆಂದು ಕಾದರು. ನಾನು ತಲೆ ಒರೆಸಿಕೊಂಡು ಮೇಲೆ ಹೋದೆ. ಸೇಡು ಹೇಗಿರಬೇಕೆಂದು ಆ ಒಂದು ಶಬ್ದ ಬಾಯಿಂದ ಬಿದ್ದಾಗ ನನಗೇ ಗೊತ್ತಾಯಿತು.

ಮುಂದಿನ ತಿಂಗಳು ದೊಡ್ಡಪ್ಪನ ಗಲ್ಲಾ ಬಿಟ್ಟೆ. ಅವರು ಕೂಗಾಡಿದರು, ಅಪ್ಪಯ್ಯನಿಗೆ ಫೋನ್ ಮಾಡಿ ಬೈದರು, ನಾನು ಜಗ್ಗಲಿಲ್ಲ. ಔರಂಗಾಬಾದಿನಲ್ಲೇ ಒಂದು ಖೋಲಿ ಹಿಡಿದು, ಬೆಳಿಗ್ಗೆ ವಿದೇಶಿಯರನ್ನು ವೇರೂಳಕ್ಕೆ ಕರೆದೊಯ್ದು, ಸಂಜೆಯ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದೆ. ನನಗಿಂತ ನಾಲ್ಕು ವರ್ಷ ಚಿಕ್ಕವರ ನಡುವೆ, ಕೊನೆಯ ಬೆಂಚಿನಲ್ಲಿ. ಅಪ್ಪಯ್ಯ ಪ್ರತಿ ಭಾನುವಾರ ಪಕ್ಕದ ಫೋನ್ ಬೂತಿಗೆ ಫೋನ್ ಮಾಡಿ ನನ್ನನ್ನು ಕರೆಸುವುದನ್ನು ಬಿಡಲಿಲ್ಲ. ಮಳೆ ಹೇಗುಂಟು? ಉಂಟು. ಅಥವಾ, ಇಲ್ಲ. ಎಂಟು ವರ್ಷ ನಾನು ಅವರಿಗೆ ಕೊಟ್ಟದ್ದು ಈ ಎರಡೇ ಶಬ್ದ.

ಕಾರ್ಡು ಮಾತ್ರ ನಿಲ್ಲಿಸಲಿಲ್ಲ. ಈಗ ಕೆಳಗೆ ಸಹಿ ಹಾಕುತ್ತಿದ್ದೆ. ಪ್ರೊಫೆಸರರು ಮತ್ತೆ ಕಿಟಕಿ ಮೇಜಿಗೆ ಬರತೊಡಗಿದ್ದರು. ವಿಳಾಸ ಅದೇ, ಹೋಟೆಲಿನ ಮಾರ್ಫತ್. ಪ್ರೊಫೆಸರರ ಮನೆಯ ವಿಳಾಸ ಅಷ್ಟು ಹೊತ್ತಿಗೆ ನನ್ನ ಹತ್ತಿರ ಇತ್ತು, ಬೇಕೆಂದೇ ಅದಕ್ಕೆ ಬರೆಯಲಿಲ್ಲ. ಕಾರ್ಡು ಮೊದಲು ಅಪ್ಪಯ್ಯನ ಕೈಗೆ ಬರಬೇಕು. ತಮಗೆ ಓದಲಾಗದ ಭಾಷೆಯಲ್ಲಿ ಮಗ ಇನ್ನೊಬ್ಬರಿಗೆ ಮೋಡ, ಗಾಳಿ, ಮಂಜು, ಸಿಡಿಲು ಎಂದು ಪುಟ ತುಂಬ ಬರೆದಿದ್ದಾನೆ, ಅದನ್ನು ತಾವೇ ಎದ್ದು ಹೋಗಿ ಕಿಟಕಿ ಮೇಜಿಗೆ ಕೊಡಬೇಕು. ಮಗನ ಆಕಾಶ ಹೇಗಿದೆಯೆಂದು ಪರರ ಬಾಯಿಂದ ಕೇಳಬೇಕು. ಇಷ್ಟು ಯೋಚಿಸಿ ಮಾಡಿದ ಕೆಲಸ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ತೊಂಬತ್ತೇಳರಲ್ಲಿ ಪ್ರೊಫೆಸರರು ತೀರಿಕೊಂಡರು. ಕಾರ್ಡು ನಿಂತಿತು. ನಾನು ಆಗ ಒಂದು ಜೂನಿಯರ್ ಕಾಲೇಜಿನಲ್ಲಿ, ಅರ್ಜಿ ಬರೆಯುವ ಪಾಠಕ್ಕೆ ಮಾತ್ರ ತಡವರಿಸುತ್ತ, ಇಂಗ್ಲಿಷ್ ಕಲಿಸುತ್ತಿದ್ದೆ, ಮನೆಗೆ ಫೋನ್ ಹಾಕಿಸಿದ್ದೆ. ಮರುವರ್ಷ ಮಾರ್ಚಿನ ಒಂದು ಭಾನುವಾರ ಸಂಜೆ ಅಮ್ಮ ಫೋನ್ ಮಾಡಿದಳು. ಅಪ್ಪಯ್ಯನಿಗೆ ಹುಷಾರಿಲ್ಲದೆ ಹದಿನೈದು ದಿನವಾಗಿತ್ತು. ರಿಸೀವರನ್ನು ಅವರ ಕಿವಿಯ ಹತ್ತಿರ ಹಿಡಿದಿದ್ದೇನೆ, ಮಾತಾಡು ಎಂದಳು. ನನ್ನ ಬಾಗಿಲ ಹೊರಗೆ ಆಲಿಕಲ್ಲು ಸುರಿಯುತ್ತಿತ್ತು. ತಗಡಿನ ಮೇಲೆ ಹುರಿಗಡಲೆ ಸುರಿದಂಥ ಸದ್ದು, ಅಂಗಳವೆಲ್ಲ ಬಿಳಿ, ಬೇವಿನ ಎಲೆ ಉದುರಿ ಅದರ ಮೇಲೆ ಹಸಿರು.

ಅಪ್ಪಯ್ಯನಿಗೆ ಸದ್ದು ಕೇಳಿಸಿರಬೇಕು. "ಮಾಣಿ, ಅಲ್ಲಿ ಮಳೆ ಹೇಗುಂಟು?" ಎಂದರು. ಉಸಿರು ಎಳೆದುಕೊಂಡು ಮತ್ತೆ, "ಪ್ರೊಫೆಸರರಿಗೆ ಬರೀತಿದ್ದಿಯಲ್ಲ, ಹಾಗೆ ಸ್ವಲ್ಪ ಹೇಳು" ಎಂದರು.

ಮೂರು ಭಾಷೆಯ ಶಬ್ದಗಳು ನನ್ನ ನಾಲಗೆಯ ತುದಿಗೆ ಬಂದು ನಿಂತವು.

"ಉಂಟು ಅಪ್ಪಯ್ಯ" ಎಂದೆ.

ಹೂಂ ಎಂದರು. ಅಮ್ಮ ಫೋನ್ ಇಟ್ಟಳು. ಮುಂದಿನ ಭಾನುವಾರದವರೆಗೆ ಅವರು ಉಳಿಯಲಿಲ್ಲ. ಆ ಸಂಜೆ ಆಲಿಕಲ್ಲು ಕರಗಿ ಅಂಗಳ ಮತ್ತೆ ಮಣ್ಣಾಗುವವರೆಗೂ ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.